ಹೊರಟವರನ್ನು ಎಲ್ಲಿಗೆಂದು ಕೇಳುತ್ತಿದ್ದ ಮಾಬುಸಾಬ್

ಕುರುಗೋಡಿನ ಬಸ್ ನಿಲ್ದಾಣದ ಎದುರಿನ ವಗ್ಗಾಣಿ-ಮಿರ್ಚಿ ಅಂಗಡಿ ಈಗ ಮುಚ್ಚಿದೆ. ಮಾಬುಸಾಬ್ ತೀರಿಕೊಂಡದ್ದು ಊರಿಗೆಲ್ಲ ಗೊತ್ತು. ಆದರೂ ಬಳ್ಳಾರಿ ಬಸ್ಸು ಹತ್ತುವವರು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಆ ಕಡೆ ತಿರುಗಿ ನೋಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಹೋಗುತ್ತದೆ.

ಆ ಅಂಗಡಿಯಲ್ಲಿ ಕೂತು ಮಾಬುಸಾಬ್ ಹೊರಟವರನ್ನೆಲ್ಲ ಕೇಳುತ್ತಿದ್ದ ಮಾತು ಒಂದೇ: "ಎಲ್ಲಿಗೆ?"

ಹೊರಟವರನ್ನು ಹಾಗೆ ಕೇಳಬಾರದು. ಈ ಸೀಮೆಯಲ್ಲಿ ಅದು ಹಾಲು ಕುಡಿಯುವ ಕೂಸಿಗೂ ಗೊತ್ತು. ಲಿಂಗವಂತರ ಮನೆಯಲ್ಲೂ ಅಷ್ಟೆ, ಸಾಬರ ಮನೆಯಲ್ಲೂ ಅಷ್ಟೆ. ಎಲ್ಲಿಗೆ ಎಂದು ಕೇಳಿಸಿಕೊಂಡವನ ಕೆಲಸ ಕೆಡುತ್ತದೆ. ಅವನು ವಾಪಸ್ ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ತಿಳಿಯಲೇಬೇಕೆಂದರೆ "ದೂರಾ?" ಎಂದು ಕೇಳಬೇಕು. "ಹೌದ್ರಿ, ದೂರ" ಎಂದೋ "ಇಲ್ರಿ, ಇಲ್ಲೇ" ಎಂದೋ ಅವರು ಹೇಳುತ್ತಾರೆ. ಅಲ್ಲಿಗೆ ಮರ್ಯಾದೆಯೂ ಉಳಿಯಿತು, ಶಕುನವೂ ಉಳಿಯಿತು.

ಮೊದಮೊದಲು ಜನ ಮಾಬುಸಾಬನನ್ನು ಬೈದರು. ಆಮೇಲೆ ನಗಲು ಶುರು ಮಾಡಿದರು. ಮೆಣಸಿನಕಾಯಿ ವ್ಯಾಪಾರದ ಉಜ್ಜಿನಪ್ಪ ಬಾಯಿ ತುಂಬ ವಗ್ಗಾಣಿಯ ಮಂಡಕ್ಕಿ ಇಟ್ಟುಕೊಂಡೇ ಹಂಗಿಸುತ್ತಿದ್ದ.

"ಲೇ ಸಾಬ, ನಿಂದು ಭಾರೀ ಧಂದೆ ನೋಡಪಾ. ಹೊಂಟವನ್ನ ಎಲ್ಲಿಗೆ ಅಂತಿ, ಅವ ಅಪಶಕುನ ಆತಂತ ವಾಪಸ್ ಬಂದು ಕುಂದರತಾನ, ನೀರು ಕುಡೀತಾನ, ನೀರಿನ ಜೋಡಿ ಎರಡು ಮಿರ್ಚಿ ತಿಂತಾನ."

"ನೀ ನಾಕು ತಿಂದೀದಿ. ಈಗ ಹೇಳು, ಎಲ್ಲಿಗೆ?"

"ಬಳ್ಳಾರಿಗೆ."

"ಬಳ್ಳಾರ್‍ಯಾಗ ಎಲ್ಲಿಗೆ?"

"ಕೌಲ್ ಬಜಾರಿಗೆ, ಬೀಗರ ಮನಿಗೆ. ಪಡಸಾಲ್ಯಾಗ ಎಡಕ್ಕ ಕುಂದರತೀನಿ. ಬೀಗ ಬಲಕ್ಕ ಕುಂದರತಾನ. ಸಾಕಾ?"

"ಸಾಕು. ಹೋಗಿ ಬಾ."

ಸುತ್ತಲಿನವರು ನಗುತ್ತಿದ್ದರು. ಮಾಬುಸಾಬನೂ ನಗುತ್ತಿದ್ದ. ಆದರೆ ಉತ್ತರ ಬರುವವರೆಗೆ ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ. ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿರುತ್ತಿತ್ತು, ಮಿರ್ಚಿ ಕಪ್ಪಾಗುತ್ತಿತ್ತು.

ಅವನೇನೂ ರೀತಿ ರಿವಾಜು ತಿಳಿಯದವನಲ್ಲ. ಅವನ ಅಪ್ಪ ಪಿಂಜಾರ. ಹತ್ತಿ ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ರೂಪನಗುಡಿ, ಸಿರುಗುಪ್ಪ ಅಂತ ಊರೂರು ತಿರುಗಿ ಗಾದಿ ಹೊಲಿದುಕೊಡುತ್ತಿದ್ದ. ಮಾಬು ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿ, ಸೈಕಲ್ ಹತ್ತಿದ ಅಪ್ಪನನ್ನು ಒಮ್ಮೆ "ಎಲ್ಲಿಗೆ ಹೊಂಟಿ?" ಎಂದು ಕೇಳಿಬಿಟ್ಟಿದ್ದ. ಅಪ್ಪ ಇಳಿದು, ಬಿಲ್ಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಒಳಗೆ ಹೋಗಿ ಕೂತ. ಅವ್ವ ನೀರು ಕೊಟ್ಟು ಬಂದು ಮಾಬುವಿನ ಕಪಾಳಕ್ಕೆ ಬಿಗಿದಳು. "ದೂರಾ ಅಂತ ಕೇಳು. ಎಲ್ಲಿಗೆ ಅಂದ್ರ ನಾಲಿಗಿ ಸುಡತೀನಿ." ಆ ಪೆಟ್ಟನ್ನು ಅವನು ಮರೆಯಲಿಲ್ಲ.

ಬಳ್ಳಾರಿಯಲ್ಲಿ ಸೈನ್ಯದ ಭರ್ತಿ ನಡೆದಾಗ ಓಡಿ, ಎದೆ ಉಬ್ಬಿಸಿ, ಸೇರಿಕೊಂಡ. ಗಡಿ ಕಾದ, ಹಿಮದಲ್ಲಿ ನಿಂತ. ಶಾಹಜಾನಬಿಯನ್ನು ಮದುವೆಯಾದ, ಸುಹಾನಾ ಹುಟ್ಟಿದಳು. ಅಷ್ಟೂ ವರ್ಷಗಳಲ್ಲಿ ಅವನಿಗೆ ಹೆದರಿಕೆಯೆಂದರೆ ಎಲ್ಲರಿಗೂ ಇರುವಷ್ಟೆ ಇತ್ತು. ಅದು ಮೈಯೊಳಗೆ ಮನೆ ಮಾಡಿದ್ದು ಅವನ ಪಲ್ಟಣ ಶಾಂತಿ ಕಾಯಲು ದಕ್ಷಿಣ ಸುಡಾನಿಗೆ ಹೋದಾಗ.

ಅಲ್ಲಿ ಊರೂರೇ ಸುಟ್ಟುಹೋಗಿ, ಸಾವಿರಾರು ಜನ ವಿಶ್ವಸಂಸ್ಥೆಯ ಬಿಡಾರಕ್ಕೆ ಓಡಿಬಂದು, ತಂತಿಬೇಲಿಯ ಒಳಗೆ ತಾಡಪತ್ರಿ ಕಟ್ಟಿಕೊಂಡು ಬದುಕುತ್ತಿದ್ದರು. ನೀಲಿ ಟೊಪ್ಪಿಗೆಯ ಸೈನಿಕರು ಬೇಲಿ ಕಾಯುತ್ತಿದ್ದರು. ಬೇಲಿಯ ಒಳಗೆ ಬಂದವರನ್ನು ಮುಟ್ಟುವಂತಿಲ್ಲ, ಅದು ಕಟ್ಟುಪಾಡು. ಬೇಲಿಯ ಹೊರಗೆ ಯಾವ ಕಟ್ಟುಪಾಡೂ ಇರಲಿಲ್ಲ.

ಮಾಬುಸಾಬನಿಗೆ ಗೇಟಿನ ಕಾವಲು. ಅವನ ಜೊತೆ ಸಿರುಗುಪ್ಪದ ಕರಿಬಸವ. ಇಬ್ಬರೂ ಒಂದೇ ಜಿಲ್ಲೆಯವರು ಎಂಬ ಕಾರಣಕ್ಕೆ ಸುಬೇದಾರ್ ಸಾಹೇಬರು ಅವರನ್ನು ಒಟ್ಟಿಗೆ ಹಾಕುತ್ತಿದ್ದರು. ಕರಿಬಸವ ಪುಸ್ತಕ ಓದುವ ಆಸಾಮಿ. ಮಾಬುಸಾಬ್ ಜನರನ್ನು ನೋಡುವವನು. ಬಂದ ಹೊಸದರಲ್ಲೇ ಅವನು ಹಂಚಿಕೆಯ ಚೀಲದಿಂದ ಕಾಳು ತೆಗೆದು ಬಾಯಿಗೆ ಹಾಕಿಕೊಂಡು, "ಲೇ ಬಸವಾ, ಇದು ಜ್ವಾಳ" ಎಂದು ಕೂಗಿದ್ದ.

"ಜ್ವಾಳ ಅಲ್ದ ಇನ್ನೇನು ಬಿರಿಯಾನಿ ಕೊಡತಾರಂತ ಮಾಡೀದೇನು?"

"ಅಲ್ಲಲೇ, ನಮ್ಮ ಜ್ವಾಳ. ರೊಟ್ಟಿ ಬಡೀಬಹುದು."

ರೊಟ್ಟಿಗಾದರೂ ಗಂಜಿಗಾದರೂ ಬೆಂಕಿ ಬೇಕು. ಜೋಳ ಒಳಗೆ ಸಿಗುತ್ತಿತ್ತು, ಕಟ್ಟಿಗೆ ಹೊರಗಿತ್ತು. ಹತ್ತಿರದ ಗಿಡಗಳೆಲ್ಲ ಖಾಲಿಯಾಗಿ ಹೆಂಗಸರು ದೂರ ದೂರ ಹೋಗಬೇಕಾಗಿತ್ತು. ಗಂಡಸರು ಯಾಕೆ ಹೋಗುವುದಿಲ್ಲ ಎಂದು ಮಾಬುಸಾಬ್ ದುಭಾಷಿಯ ಮೂಲಕ ಒಬ್ಬಳನ್ನು ಕೇಳಿದ್ದ. ಗಂಡಸರು ಹೋದರೆ ಕೊಲ್ಲುತ್ತಾರೆ ಎಂದಳು. ಹೆಂಗಸರು ಹೋದರೆ, ಎಂದು ಶುರು ಮಾಡಿ ಮುಂದೆ ಹೇಳಲಿಲ್ಲ. ದುಭಾಷಿಯೂ ನೆಲ ನೋಡಿದ.

ಅವಳೇ ನ್ಯಾಕೋರ್. ಎತ್ತರದ ಹೆಣ್ಣು, ಸಣ್ಣ ಕೊಡಲಿ, ತಲೆಯ ಮೇಲೆ ಸುತ್ತಿಟ್ಟ ಹಗ್ಗ. ದಿನಾ ಬೆಳಿಗ್ಗೆ ಹೋಗುವಾಗ ತನ್ನ ಮುದಿ ತಾಯಿಯನ್ನು ಗೇಟಿನ ಒಳಗಿದ್ದ ಮೊಂಡು ಗಿಡದ ಬುಡದಲ್ಲಿ ಕೂರಿಸುವಳು, ಬರುವಾಗ ಎಬ್ಬಿಸಿಕೊಂಡು ಹೋಗುವಳು.

ಕಟ್ಟಿಗೆಯ ಹಾದಿಗೆ ಸೈನ್ಯದ ಎರಡು ಗಾಡಿಗಳು ಗಸ್ತು ಹೋಗುತ್ತಿದ್ದವು. ಹಾದಿಗಳು ಹಲವು, ಗಸ್ತು ಒಂದೇ. ಹೀಗಾಗಿ ಹೆಂಗಸರು ಯಾವ ಕಡೆ ಹೋದರೆಂದು ಗೇಟಿನವರು ಕೇಳಿ ತಿಳಿದು ವಯರ್‌ಲೆಸ್ಸಿನಲ್ಲಿ ಹೇಳಬೇಕು, ಗಸ್ತು ಆ ಕಡೆಗೆ ಹೋಗಬೇಕು. ಬಂದೂಕು ಹಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಬಿಳಿ ಗಾಡಿ ಕಂಡರೆ ಸಾಕು, ಹುಲ್ಲಿನಲ್ಲಿ ಅಡಗಿದವರು ದೂರ ಸರಿಯುತ್ತಿದ್ದರು. ಕೇಳುವ ಕೆಲಸವನ್ನು ದುಭಾಷಿ ಮಾಡುತ್ತಿದ್ದ. ಮಾಬುಸಾಬ್ ಅವನಿಂದ ಒಂದೇ ಮಾತು ಕಲಿತಿದ್ದ. ದೂರಾ ಎನ್ನುವುದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳಿ, "ಬಯೀದ್" ಎಂದು ಬಾಯಿಪಾಠ ಮಾಡಿಕೊಂಡಿದ್ದ. ಗೇಟು ದಾಟುವ ಹೆಂಗಸರನ್ನು ಅವನು "ಬಯೀದ್?" ಎಂದು ಮಾತಾಡಿಸುವನು. ಅವರು ನಗುತ್ತ "ಬಯೀದ್, ಬಯೀದ್" ಎನ್ನುವರು. ಊರ ಓಣಿಯಲ್ಲಿ ನಿಂತಷ್ಟು ಹಿತವಾಗುತ್ತಿತ್ತು ಅವನಿಗೆ.

ಒಂದು ದಿನ ದುಭಾಷಿ ಜ್ವರ ಬಂದು ಮಲಗಿದ. ಹಿಂದಿನ ರಾತ್ರಿ ಎಲ್ಲೋ ಗುಂಡಿನ ಸದ್ದಾಗಿದ್ದರಿಂದ ಬೆಳಿಗ್ಗೆ ಯಾವ ಹೆಂಗಸೂ ಹೊರಡಲಿಲ್ಲ. ನ್ಯಾಕೋರ್ ಮಾತ್ರ ಬಂದಳು. ತಾಯಿಯನ್ನು ಗಿಡದ ಬುಡದಲ್ಲಿ ಕೂರಿಸಿದಳು. ಗೇಟು ದಾಟಿದಳು.

ಕೇಳಬೇಕಾದದ್ದು ಮಾಬುಸಾಬನ ಕೆಲಸ. ಕೈ ಮಾಡಿ ತೋರಿಸಿ ಕೇಳಿದ್ದರೂ ಸಾಕಿತ್ತು, ಆ ಕಡೆಯೋ ಈ ಕಡೆಯೋ ಎಂದು. ಅವನ ಕೈ ಎದ್ದದ್ದೂ ನಿಜ. ಆದರೆ ಅವಳು ಆಗಲೇ ಹೊರಟಾಗಿತ್ತು. ತಲೆಯ ಮೇಲೆ ಹಗ್ಗವಿತ್ತು, ಹೆಜ್ಜೆ ಆಚೆ ಬಿದ್ದಿತ್ತು. ಇಂಥ ದಿನ, ಒಬ್ಬಳೇ ಹೊರಟವಳನ್ನು ಎಲ್ಲಿಗೆ ಎಂದು ಹೇಗೆ ಕೇಳುವುದು? ಕೇಳಿದರೆ ವಾಪಸ್ ಬಂದು ಕೂತು ನೀರು ಕುಡಿಯಬೇಕೆಂದು ಅವಳಿಗೇನು ಗೊತ್ತು? ಎತ್ತಿದ ಕೈಯನ್ನು ಅವನು ಎದೆಗೆ ಒಯ್ದು ಸಲಾಮು ಮಾಡಿದ.

"ಬಯೀದ್?"

"ಬಯೀದ್" ಎಂದಳು ನ್ಯಾಕೋರ್. ನಕ್ಕಳು. ಹಾದಿ ನೆಟ್ಟಗೆ ಹೋಗಿ ಒಡೆದ ನೀರಿನ ಟಾಕಿಯ ಹಿಂದೆ ಪಡುವಣಕ್ಕೆ, ಮೂಡಲಕ್ಕೆ, ನದಿಯ ಕಡೆಗೆ ಕವಲಾಗುತ್ತಿತ್ತು. ಅವಳು ಟಾಕಿಯ ಹಿಂದೆ ಮರೆಯಾದಳು.

ಸ್ವಲ್ಪ ಹೊತ್ತಿಗೆ ವಯರ್‌ಲೆಸ್ಸಿನಲ್ಲಿ ಸುಬೇದಾರರ ದನಿ ಬಂತು. "ಗೇಟ್, ಇವತ್ತು ಯಾರಾದರೂ ಹೋದರಾ?"

"ಒಬ್ಬಳು ಹೋದಳು ಸಾಬ್."

"ಯಾವ ಕಡೆ?"

ಮಾಬುಸಾಬ್ ಬಾಯಿ ತೆರೆದ. ಅವನ ಹತ್ತಿರ ಇದ್ದ ಉತ್ತರ "ದೂರ" ಎಂಬುದೊಂದೇ. ಅದನ್ನು ನುಂಗಿಕೊಂಡು, "ಗೊತ್ತಿಲ್ಲ ಸಾಬ್" ಎಂದ.

ಗಸ್ತು ರೂಢಿಯಂತೆ ಪಡುವಣ ರಸ್ತೆಗೆ ಹೋಯಿತು.

ಕರಿಬಸವ ಪುಸ್ತಕ ಮಡಚಿದ. "ಕೇಳಲಿಲ್ಲೇನಲೇ?"

"ಹೊಂಟಿದ್ಲು. ಹೆಂಗ ಕೇಳಲಿ?"

ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಕರಿಬಸವ ಸಿರುಗುಪ್ಪದವನು. ಅವನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಇಬ್ಬರಿಗೂ ಹೆದರಿಕೆ ಹೆಚ್ಚಾಯಿತು.

ಬಿಸಿಲೇರಿತು. ಗಿಡದ ಬುಡದ ಮುದುಕಿ ಕಾಲು ಚಾಚಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಎರಡು ಗುಂಡು ಹಾರಿದವು. ಆ ಬಯಲಿನಲ್ಲಿ ಗುಡ್ಡವಿಲ್ಲ, ಗೋಡೆಯಿಲ್ಲ, ಸದ್ದು ಯಾವ ದಿಕ್ಕಿನದೆಂದು ತಿಳಿಯುವಂತಿರಲಿಲ್ಲ. ಮುದುಕಿ ಎದ್ದು ನಿಂತಳು. ಬೇಲಿಯ ತಂತಿ ಹಿಡಿದು ಪಡುವಣಕ್ಕೆ ನೋಡಿದಳು, ಮೂಡಲಕ್ಕೆ ನೋಡಿದಳು, ನದಿಯ ಕಡೆ ನೋಡಿದಳು, ಮತ್ತೆ ಪಡುವಣಕ್ಕೆ. ಯಾವ ಕಡೆ ಕಣ್ಣಿಟ್ಟರೂ ಉಳಿದ ಕಡೆಯಿಂದ ಮಗಳು ಬಂದರೆ ಎಂಬಂತೆ ಅವಳ ಕತ್ತು ನಿಲ್ಲದೆ ತಿರುಗುತ್ತಿತ್ತು. ಮಾಬುಸಾಬನಿಗೆ ಅದನ್ನು ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

"ಸಾಬ್, ನಾನು ಹೋಗಿ ನೋಡಿ ಬರ್ತೀನಿ" ಎಂದು ವಯರ್‌ಲೆಸ್ಸಿನಲ್ಲಿ ಕೇಳಿದ.

"ಯಾವ ಕಡೆ ಹೋಗ್ತೀಯ?" ಎಂದರು ಸುಬೇದಾರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಗೇಟು ಬಿಟ್ಟು ಹೋದರೆ ಒಳಗಿರುವವರ ಗತಿಯೇನು? ನಿಂತಲ್ಲೇ ನಿಲ್ಲು."

ಅವರು ಹೇಳಿದ್ದು ಸರಿಯೇ. ಸಾವಿರಾರು ಜನ ಒಳಗಿದ್ದರು, ಅವರೆಲ್ಲ ಇವರ ನೀಲಿ ಟೊಪ್ಪಿಗೆಯನ್ನು ನಂಬಿ ನಿದ್ದೆ ಮಾಡುತ್ತಿದ್ದರು. ಗಸ್ತಿನ ಗಾಡಿಗಳು ಪಡುವಣದಿಂದ ಬರಿಗೈಯಲ್ಲಿ ಬಂದವು. ಮೂಡಲ ರಸ್ತೆಗೂ ಒಂದಷ್ಟು ದೂರ ಹೋಗಿ ತಿರುಗಿದವು. ಹೊತ್ತು ಇಳಿಯತೊಡಗಿತು. ಕತ್ತಲಾದರೆ ಗೇಟು ಹಾಕಬೇಕು, ಅದೂ ಕಟ್ಟುಪಾಡು. ಹಾಕುವ ಕೈ ಮಾಬುಸಾಬನದು.

ಅವನು ಒಂದು ಕದ ಹಾಕಿ ಇನ್ನೊಂದನ್ನು ಹಾಗೇ ಹಿಡಿದು ನಿಂತ. ಟಾಕಿಯ ಹತ್ತಿರ ಏನೋ ಅಲುಗಿದಂತಾಯಿತು. ನಾಯಿ. ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹಾಕಲೇ ಮಾಬು" ಎಂದ ಕರಿಬಸವ, ಮೆಲ್ಲಗೆ. "ಹಾಕು. ಎಲ್ಲರೂ ಒಳಗ ಅದಾರ."

"ಎಲ್ಲರೂ ಇಲ್ಲ."

"ಹಾಕು."

ಅವನು ಅಗಳಿ ಸರಿಸಿದ. ಕಬ್ಬಿಣದ ಸದ್ದಿಗೆ ಮುದುಕಿ ಕೂತುಬಿಟ್ಟಳು.

ಮರುದಿನ ಗಸ್ತು ನದಿಯ ಕಡೆಗೆ ಹೋಯಿತು. ಮಾಬುಸಾಬನನ್ನೂ ಕರೆದುಕೊಂಡು ಹೋದರು. ಆಳೆತ್ತರದ ಹುಲ್ಲಿನ ನಡುವೆ ಒಂದು ಬಯಲಿನಲ್ಲಿ ಕಟ್ಟಿಗೆಯ ಹೊರೆ ಇತ್ತು. ಚೆನ್ನಾಗಿ ಒಪ್ಪ ಮಾಡಿ, ಹಗ್ಗ ಬಿಗಿದು, ಗಂಟು ಹಾಕಿತ್ತು. ತಲೆಗೆ ಎತ್ತಿಸಲು ಇನ್ನೊಂದು ಕೈ ಬೇಕಿತ್ತು, ಅಷ್ಟೆ. ಸುತ್ತ ಹುಲ್ಲು ಮುರಿದಿರಲಿಲ್ಲ, ನೆತ್ತರು ಇರಲಿಲ್ಲ, ಕೊಡಲಿ ಇರಲಿಲ್ಲ. ನ್ಯಾಕೋರ್ ಎಂದು ಕೂಗಿದರು. ಗಾಳಿಗೆ ಹುಲ್ಲು ಅಲುಗುತ್ತಿತ್ತು. ಅದರೊಳಗಿಂದ ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂದು ಮಾಬುಸಾಬನಿಗೆ ಅನಿಸಿತು, ಆ ಅನಿಸಿಕೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅವನು ಹೊರೆಯನ್ನು ಗಾಡಿಗೆ ಹಾಕಿಸಿ ತಂದು ಮುದುಕಿಯ ತಾಡಪತ್ರಿಯ ಮುಂದೆ ಇಟ್ಟ. ಅವಳು ಅದನ್ನು ಉರಿಸಲಿಲ್ಲ. ಪಲ್ಟಣ ಊರಿಗೆ ಹೊರಟ ದಿನವೂ ಅದು ಹಾಗೇ ಇತ್ತು, ಗಂಟು ಬಿಚ್ಚದೆ.

ಯಾರೂ ಅವನನ್ನು ತಪ್ಪಿತಸ್ಥ ಎನ್ನಲಿಲ್ಲ. ಎಲ್ಲರಂತೆ ಅವನಿಗೂ ಪದಕ ಕೊಟ್ಟರು.

ನಿವೃತ್ತನಾಗಿ ಕುರುಗೋಡಿಗೆ ಬಂದಾಗ ಸಿರುಗುಪ್ಪದ ಅಕ್ಕಿ ಗಿರಣಿಯವರು ಗೇಟು ಕಾಯುವ ಕೆಲಸಕ್ಕೆ ಕರೆದರು. ಅವನು ಹೋಗಲಿಲ್ಲ. "ಮಿಲಿಟ್ರ್ಯಾಗ ಇದ್ದು ಬಂದು ಮಿರ್ಚಿ ಕರೀತೀರಾ?" ಎಂದು ಶಾಹಜಾನಬಿ ಅತ್ತಳು. ಬಸ್ ನಿಲ್ದಾಣದ ಎದುರೇ ಅಂಗಡಿ ಬೇಕೆಂದು ಹಟ ಹಿಡಿದ. ಮನೆಯಲ್ಲಿ ಸಂಜೆ ಬಾಗಿಲ ಅಗಳಿಯನ್ನು ಅವನು ಮುಟ್ಟುತ್ತಿರಲಿಲ್ಲ, ಅವಳೇ ಹಾಕಬೇಕಿತ್ತು.

ಕಾಲೇಜು ಮುಗಿಸಿ ಸುಹಾನಾ ಕೌಲ್ ಬಜಾರಿನಲ್ಲಿ ಸೋದರಮಾವ ಸಲಾವುದ್ದೀನನ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಕಟಿಂಗ್ ಕಲಿಯಲು ಹೋಗತೊಡಗಿದ ಮೇಲೆ ಮನೆಯಲ್ಲಿ ದಿನಾ ಬೆಳಿಗ್ಗೆ ಜಗಳ.

"ಎಲ್ಲಿಗೆ?"

"ಹೊಂಟ ಹುಡುಗಿಗೆ ಎಲ್ಲಿಗೆ ಅಂತಾರೇನ್ರಿ ಯಾರರ? ನಿಮ್ಮವ್ವ ಇದ್ದಿದ್ರ ನಾಲಿಗಿ ಸುಡತಿದ್ಲು" ಎನ್ನುವಳು ಶಾಹಜಾನಬಿ. ಸುಹಾನಾ ದುರುಗುಟ್ಟಿಕೊಂಡು ವಾಪಸ್ ಬಂದು, ಕೂತು, ನೀರು ಕುಡಿದು, ಬಸ್ಸು ತಪ್ಪಿಸಿಕೊಳ್ಳುವಳು.

ಒಮ್ಮೆ ಅವಳು ಕಾರ್ಖಾನೆಗೆ ಎಂದು ಹೇಳಿ ಗೆಳತಿಯರ ಜೊತೆ ಸಿನಿಮಾಕ್ಕೆ ಹೋದಳು. ಮಧ್ಯಾಹ್ನ ಸಲಾವುದ್ದೀನ್ ಬೇರೆ ಯಾವುದಕ್ಕೋ ಫೋನು ಮಾಡಿ, ಹುಡುಗಿ ಇವತ್ತು ಬಂದಿಲ್ಲವಲ್ಲ ಎಂದ. ಅವಳ ಫೋನು ಬಂದ್ ಆಗಿತ್ತು. ಮಾಬುಸಾಬ್ ಕಾದ ಎಣ್ಣೆಯನ್ನು ಒಲೆಯ ಮೇಲೆಯೇ ಬಿಟ್ಟು ಬಸ್ಸು ಹತ್ತಿದ. ಬಳ್ಳಾರಿಯಲ್ಲಿ ಇಳಿದವನಿಗೆ ಯಾವ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ಕೌಲ್ ಬಜಾರಿನ ಗಲ್ಲಿಗಲ್ಲಿ ತಿರುಗಿದ, ಆಟೋದವರನ್ನು ನಿಲ್ಲಿಸಿ ಎತ್ತರದ ಹುಡುಗಿಯನ್ನು ಕಂಡಿರಾ ಎಂದು ಕೇಳಿದ. ಸುಹಾನಾ ಅಷ್ಟೇನೂ ಎತ್ತರವಿಲ್ಲ. ಸಂಜೆ ಅವಳು ಬಳ್ಳಾರಿಯ ಬಸ್ ನಿಲ್ದಾಣಕ್ಕೆ ಬಂದಾಗ ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅಂಗಿ ತೊಯ್ದು ಮೈಗೆ ಅಂಟಿತ್ತು. ಚಪ್ಪಲಿ ಒಂದೇ ಕಾಲಲ್ಲಿತ್ತು. ಬೈಯುತ್ತಾನೆಂದು ಅವಳು ತಲೆ ತಗ್ಗಿಸಿ ನಿಂತಳು. ಅವನು ಎದ್ದ. ಅವಳ ಕೈ ಹಿಡಿದು ಬಸ್ಸು ಹತ್ತಿದ. ಕುರುಗೋಡು ಬರುವ ತನಕ ಆ ಕೈ ಬಿಡಲಿಲ್ಲ. ಆ ಬಸ್ಸಿನಲ್ಲೇ ಅವನು ಮೊದಲ ಸಲ ಮಗಳಿಗೆ ನ್ಯಾಕೋರಳ ವಿಷಯ ಹೇಳಿದ್ದು.

ಮರುದಿನ ಬೆಳಿಗ್ಗೆ ಸುಹಾನಾ ಹೊಸಲಿನ ಒಳಗೇ ನಿಂತಳು. "ಅವ್ವಾ, ಚಪ್ಪಲಿ ಮೆಟ್ಟಿಲ್ಲ ನೋಡು, ನಾ ಇನ್ನ ಹೊಂಟಿಲ್ಲ. ಹೊಂಟಿಲ್ಲಂದ್ರ ಕೇಳಿದ್ರ ಏನೂ ದೋಷ ಇಲ್ಲ, ಹೌದಲ್ಲ? ಅಪ್ಪಾ, ಈಗ ಕೇಳು."

ಶಾಹಜಾನಬಿ ಯೋಚಿಸಿ, ಹೌದೆಂದು ತಲೆಯಾಡಿಸಿದಳು.

"ಎಲ್ಲಿಗೆ?" ಎಂದ ಮಾಬುಸಾಬ್.

"ಮಾಮಾನ ಕಾರ್ಖಾನಿಗೆ. ಎರಡನೇ ಮಾಳಗಿ, ಕಿಡಕಿ ಬಾಜೂಕಿನ ಮೇಜು."

ಅಂದಿನಿಂದ ಮನೆಯಲ್ಲಿ ಅದೇ ಪದ್ಧತಿಯಾಯಿತು. ಹೊರಗಿನವರಿಗೆ ಮಾತ್ರ ಅವನು ಹಾದಿಯಲ್ಲೇ ಕೇಳುತ್ತಿದ್ದ. ಅವರ ಚಪ್ಪಲಿ ಬಿಚ್ಚಿಸಲು ಆಗುತ್ತಿರಲಿಲ್ಲವಲ್ಲ.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಹಿಟ್ಟು ಕಲೆಸುತ್ತಿದ್ದವನಿಗೆ ಎದೆ ಹಿಡಿದುಕೊಂಡಿತು. ಉಜ್ಜಿನಪ್ಪನೇ ತಾಯಿ ಮಗಳನ್ನೂ ಕೂರಿಸಿಕೊಂಡು ತನ್ನ ಗಾಡಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ. ಸುದ್ದಿ ತಿಳಿದು ಸಿರುಗುಪ್ಪದಿಂದ ಕರಿಬಸವ ಬಂದ. ಕೂಡಲೇ ಆಪರೇಷನ್ನಿಗೆ ಒಳಗೆ ಒಯ್ಯಬೇಕು ಎಂದರು ಡಾಕ್ಟರು.

ಮಾಬುಸಾಬನಿಗೆ ಪ್ರಜ್ಞೆ ಇತ್ತು. ಕಣ್ಣು ಅಗಲವಾಗಿ ತೆರೆದಿದ್ದವು. ಗೇಟಿನಲ್ಲಿ ನಿಂತಿದ್ದ ದಿನದ ಕಣ್ಣುಗಳೇ ಅವು ಎಂದು ಕರಿಬಸವನಿಗೆ ಗುರುತು ಸಿಕ್ಕಿತು. "ಬಸವಾ, ಹೆದರಿಕಿ ಆಗಾಕತ್ತೈತಲೇ" ಎಂದ. ಕರಿಬಸವ ಏನಾದರೂ ತಮಾಷೆ ಮಾಡಬೇಕೆಂದುಕೊಂಡ. ಆಗಲಿಲ್ಲ. "ನಾ ಅದೀನಿ" ಎಂದ.

ಗಾಲಿಮಂಚ ಹೊರಟಿತು. ಪಡಸಾಲೆಯ ಕೊನೆಯಲ್ಲಿ ಎರಡು ಬಾಗಿಲು. ಸುಹಾನಾ ಮಂಚದ ಸರಳು ಹಿಡಿದು ಜೊತೆಗೇ ಓಡುತ್ತಿದ್ದಳು.

"ಅಪ್ಪಾ, ಎಲ್ಲಿಗೆ?"

ಮಂಚ ತಳ್ಳುತ್ತಿದ್ದವನು ಅವಳನ್ನು ವಿಚಿತ್ರವಾಗಿ ನೋಡಿದ. ಶಾಹಜಾನಬಿ ಬೈಯಲಿಲ್ಲ. ಅವಳು ಗಂಡನ ಬರಿಗಾಲುಗಳನ್ನು ನೋಡುತ್ತಿದ್ದಳು, ಚಪ್ಪಲಿ ಇರಲಿಲ್ಲ.

ಮಾಬುಸಾಬ್ ಕತ್ತು ಹೊರಳಿಸಿ ನೋಡಿದ. ಉಸಿರು ತೆಗೆದುಕೊಂಡು, ಒಂದೊಂದೇ ಮಾತು ಹೇಳಿದ. "ಒಳಗ. ಬಲಗಡಿ ಬಾಗಲಾ. ಹಸರ ಬಣ್ಣದ್ದು."

"ಆತು. ಹೋಗಿ ಬಾ."

ಹಸಿರು ಬಾಗಿಲು ತೆರೆದು ಮುಚ್ಚಿತು. ಸುಹಾನಾ ಅದರ ಎದುರಿನ ಬೆಂಚಿನ ಮೇಲೆ ಕೂತಳು. ಯಾರೋ ಚಹಾ ತಂದರು, ತೆಗೆದುಕೊಳ್ಳಲಿಲ್ಲ. ಆ ಕಡೆ ಈ ಕಡೆ ಜನ ಓಡಾಡುತ್ತಿದ್ದರು, ಎಡಗಡೆಯ ಬಾಗಿಲು ಹತ್ತು ಸಲ ತೆರೆಯಿತು. ಅವಳ ಕತ್ತು ಒಮ್ಮೆಯೂ ತಿರುಗಲಿಲ್ಲ. ಮಧ್ಯಾಹ್ನ ಡಾಕ್ಟರು ಹಸಿರು ಬಾಗಿಲಿನಿಂದ ಹೊರಗೆ ಬಂದು ಟೊಪ್ಪಿಗೆ ತೆಗೆದಾಗ, ಅವರು ಮಾತಾಡುವ ಮೊದಲೇ ಅವಳು ಎದ್ದು ನಿಂತಿದ್ದಳು.